ಕೈಯಿಂದ ಕೊಟ್ಟ ಉಸಿರು

ರಾಜ್ಯೋತ್ಸವದ ಸಂಚಿಕೆಯಲ್ಲಿ ಡೆನ್ಮಾರ್ಕ್ ದೇಶದ ಕಥೆಯೇಕೆಂದು ವಾಚಕ ಬಂಧುಗಳು ಕೇಳಬಹುದು. ಊರು ಬಿಟ್ಟು ಬಂದ ನಮ್ಮಂಥವರ ಮನೆಯಲ್ಲಿ ನಡುರಾತ್ರಿ ಕೂಸಿಗೆ ಉಸಿರು ಕಟ್ಟಿದರೆ ಕೂಗಿ ಕರೆಯಲು ಅಜ್ಜಿಯಿಲ್ಲ, ಸೋದರಮಾವನಿಲ್ಲ. ಮಗುವನ್ನು ಹೆಗಲಿಗೇರಿಸಿ, ಟ್ಯಾಕ್ಸಿ ಹಿಡಿದು, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡುವುದೊಂದೇ ದಾರಿ. ಅಲ್ಲಿ ವೈದ್ಯರು ಮಗುವಿನ ಮೂಗುಬಾಯಿಗಳ ಮೇಲೆ ಮುಖವಾಡವನ್ನಿಟ್ಟು, ಅದಕ್ಕೆ ಜೋಡಿಸಿದ ಚೀಲವೊಂದನ್ನು ಹದವಾಗಿ ಹಿಸುಕುವುದನ್ನು ನಮ್ಮಲ್ಲಿ ಕೆಲವರು ಬಾಗಿಲ ಸಂದಿಯಿಂದ ನೋಡಿ ನಿಂತಿದ್ದೇವೆ. ನಾವು ಹೇಳಹೊರಟಿರುವುದು ಆ ಹಿಸುಕುವಿಕೆಯ ಚರಿತ್ರೆ.

1952ರ ಬೇಸಗೆಯಲ್ಲಿ ಕೋಪನ್ ಹೇಗನ್ ನಗರಕ್ಕೆ ಪೋಲಿಯೊ ಮಾರಿ ಹೊಕ್ಕಿತು. ಸಾಂಕ್ರಾಮಿಕ ರೋಗಗಳಿಗೆಂದೇ ಇದ್ದ ಬ್ಲೆಗ್ದಾಮ್ ಆಸ್ಪತ್ರೆಗೆ ರೋಗ ಉಲ್ಬಣಿಸಿದ ದಿನಗಳಲ್ಲಿ ನಿತ್ಯವೂ ಐವತ್ತರಷ್ಟು ಜನ ಬರತೊಡಗಿದರು. ಅವರಲ್ಲಿ ಮಕ್ಕಳೇ ಬಹಳ. ಕೈಕಾಲು ಸೋತವರ ಪಾಡು ಒಂದಾದರೆ, ನುಂಗುವ ಮತ್ತು ಉಸಿರಾಡುವ ಸ್ನಾಯುಗಳೇ ಸೋತವರ ಪಾಡು ಇನ್ನೊಂದು. ಎಂಜಲು ಶ್ವಾಸಕೋಶಕ್ಕಿಳಿಯುತ್ತಿತ್ತು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ದೇಹವನ್ನೆಲ್ಲ ಒಳಗಿಟ್ಟುಕೊಂಡು ಉಸಿರಾಡಿಸುವ ಉಕ್ಕಿನ ಯಂತ್ರ ಇದ್ದದ್ದು ಒಂದು. ಎದೆಗೆ ಕಟ್ಟುವ ಕವಚಯಂತ್ರ ಆರು. ಮೊದಲ ಮೂರು ವಾರಗಳಲ್ಲಿ ಇಂಥ ಯಂತ್ರಗಳಿಂದ ಚಿಕಿತ್ಸೆ ಪಡೆದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು.

ಸಾಯುವ ಮುನ್ನ ಮಕ್ಕಳು ಬೆವರುತ್ತಿದ್ದರು, ರಕ್ತದೊತ್ತಡ ಏರುತ್ತಿತ್ತು, ಪ್ರಜ್ಞೆ ಮಸುಕಾಗುತ್ತಿತ್ತು. ರೋಗ ಮಿದುಳಿಗೇ ಏರಿತು, ಇನ್ನು ಕೈಮೀರಿತು ಎಂದು ವೈದ್ಯರು ತಿಳಿದರು. ಅವರ ರಕ್ತದಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದುದನ್ನೂ ಅವರು ಕ್ಷಾರ ಹೆಚ್ಚಿದ್ದರ ಗುರುತೆಂದೇ ಓದಿದರು. ಮುಖ್ಯ ವೈದ್ಯ ಲಾಸ್ಸೆನ್ ಕೊನೆಗೆ ಬಿಯರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞನನ್ನು ಕರೆಸಿದ. ಅರಿವಳಿಕೆಯವನಿಗೆ ಶಸ್ತ್ರಕ್ರಿಯೆಯ ಕೋಣೆಯಾಚೆ ಏನು ಕೆಲಸವೆಂದು ಕೇಳುತ್ತಿದ್ದ ಕಾಲವದು! ಆದರೆ ಇಬ್ಸೆನ್ ಅದೇ ಅಂಕಿಯನ್ನು ಬೇರೆ ಬಗೆಯಲ್ಲಿ ಓದಿದ. ಇವರ ಮೈಯಲ್ಲಿ ಇಂಗಾಲಾಮ್ಲ ತುಂಬಿ ನಿಂತಿದೆ. ಶ್ವಾಸಕೋಶಕ್ಕೆ ಸಾಕಷ್ಟು ಗಾಳಿ ಹೋಗಿಬರುತ್ತಿಲ್ಲ. ಆಮ್ಲಜನಕ ಕೊಡುತ್ತಿರುವುದರಿಂದ ಮೈ ನೀಲಿಗಟ್ಟದೆ ಮೋಸಮಾಡುತ್ತಿದೆ. ಇವರನ್ನು ಕೊಲ್ಲುತ್ತಿರುವುದು ಮಿದುಳಿನ ಬೇನೆಯಲ್ಲ, ಉಸಿರಿನ ಕೊರತೆ ಎಂದ.

ಮಾತಿಗೆ ರುಜುವಾತು ಬೇಕಷ್ಟೆ. ಆಗಸ್ಟ್ 27ರಂದು ಹನ್ನೆರಡು ವರ್ಷದ ವೀವಿ ಎಂಬ ಹುಡುಗಿಯನ್ನು ಅವನಿಗೆ ಒಪ್ಪಿಸಿದರು. ಆಕೆ ಸಾವಿನ ಹೊಸ್ತಿಲಲ್ಲಿದ್ದಳು. ಕೊರಳಿನ ಕೆಳಗೆ ರಂಧ್ರ ಮಾಡಿ ನಳಿಕೆಯಿಳಿಸಿದರೂ ಗಾಳಿ ಒಳಹೋಗಲೊಲ್ಲದು, ಹುಡುಗಿ ಒದ್ದಾಡತೊಡಗಿದಳು. ಪ್ರಯೋಗ ಕೆಟ್ಟಿತೆಂದು ನೋಡಲು ಬಂದ ವೈದ್ಯರಲ್ಲಿ ಕೆಲವರು ಹೊರನಡೆದರು. ಇಬ್ಸೆನ್ ಪೆಂಟೊಥಾಲ್ ಚುಚ್ಚಿ ಆಕೆಯ ಒದ್ದಾಟವನ್ನು ನಿಲ್ಲಿಸಿದ. ಜೊತೆಗೆ ಆಕೆಯ ಸ್ವಂತ ಉಸಿರೂ ನಿಂತಿತು. ಆಗ ಚೀಲ ಹಿಸುಕಿದ. ಎದೆ ಎದ್ದಿತು, ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಮೈ ಒಣಗಿತು, ಒತ್ತಡ ಇಳಿಯಿತು. ಆ ನಿಮಿಷದ ಧೈರ್ಯ ನಮ್ಮನ್ನು ಇಂದಿಗೂ ಬೆರಗುಗೊಳಿಸುತ್ತದೆ. ಕೆಟ್ಟಿದ್ದರೆ ಮಗುವಿನ ಉಸಿರನ್ನು ತಾನೇ ನಿಲ್ಲಿಸಿದವನೆಂಬ ಹೆಸರು ಅವನಿಗೆ ತಪ್ಪುತ್ತಿರಲಿಲ್ಲ.

ದಾರಿ ಕಂಡಿತು, ಯಂತ್ರಗಳಿಲ್ಲ. ಎಪ್ಪತ್ತು ಮಂದಿಗೆ ಒಮ್ಮೆಗೇ ಉಸಿರು ಕೊಡಬೇಕಾದ ದಿನಗಳು ಬಂದವು. ಆಗ ವೈದ್ಯಕೀಯ ಮತ್ತು ದಂತವೈದ್ಯ ವಿದ್ಯಾರ್ಥಿಗಳನ್ನು ಕರೆತಂದರು. ಸುಮಾರು 1500 ಮಂದಿ ಪಾಳಿಯ ಮೇಲೆ ಹಗಲಿರುಳು ಹಾಸಿಗೆಯ ಪಕ್ಕ ಕುಳಿತು ರಬ್ಬರು ಚೀಲ ಹಿಸುಕಿದರು. ಮಕ್ಕಳಿಗೆ ಮಾತಾಡಲು ಬಾರದು, ಕಣ್ಣಿನಿಂದಲೇ ಸನ್ನೆ. ಹುಡುಗರು ಒಂದು ಕೈಯಲ್ಲಿ ಚೀಲ ಹಿಡಿದೇ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದರು. ತಿಂಗಳುಗಟ್ಟಲೆ ನಡೆದ ಕೆಲಸವಿದು. ತಾನು ಉಸಿರಾಡಿಸುತ್ತಿದ್ದ ಮಗು ತನ್ನ ಕೈಯ ಕೆಳಗೇ ಹೋಗಿಬಿಟ್ಟದ್ದನ್ನು ಕಂಡ ವಿದ್ಯಾರ್ಥಿಗಳೂ ಇದ್ದರು. ಅವರ ಪ್ರಾಯ ಇಪ್ಪತ್ತರ ಆಸುಪಾಸು. ನೂರಕ್ಕೆ 80ನ್ನು ಮೀರಿದ್ದ ಸಾವು ವರ್ಷಾಂತ್ಯದೊಳಗೆ ಸುಮಾರು ಅರ್ಧಕ್ಕೆ ಇಳಿಯಿತು.

ಬದುಕಿದವರೆಲ್ಲ ಎದ್ದು ಓಡಾಡಿದರೆಂದು ಬರೆದರೆ ಸುಳ್ಳಾದೀತು. ವೀವಿಯ ಕೈಕಾಲುಗಳಿಗೆ ಬಲ ಮರಳಲಿಲ್ಲ. ಆದರೂ ಆಕೆ 1971ರವರೆಗೆ ಬಾಳಿದಳು. 1953ರ ಕೊನೆಯಲ್ಲಿ ಇಬ್ಸೆನ್ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ, ಪ್ರಾಣಾಪಾಯದಲ್ಲಿರುವವರನ್ನೆಲ್ಲ ಒಂದೆಡೆಯಿಟ್ಟು ಹಗಲೂ ರಾತ್ರಿ ಕಾಯುವ ಕೋಣೆಯನ್ನು ತೆರೆದ. ನಾವಿಂದು ಐ.ಸಿ.ಯು. ಎನ್ನುವುದರ ಮೊದಲ ಮಾದರಿಗಳಲ್ಲಿ ಅದೊಂದು.

ಚೀಲದ ಕಥೆ ಅಲ್ಲಿಗೆ ನಿಲ್ಲಲಿಲ್ಲ. ವಿದ್ಯಾರ್ಥಿಗಳು ಹಿಸುಕಿದ ಚೀಲಕ್ಕೆ ಸಿಲಿಂಡರಿನ ಅನಿಲ ಬೇಕಿತ್ತು. ಅದೇ ದೇಶದ ಹೆನ್ನಿಂಗ್ ರೂಬೆನ್ ಎಂಬ ವೈದ್ಯ ಮತ್ತು ಹೋಲ್ಗರ್ ಹೆಸ್ಸೆ ಎಂಬ ಎಂಜಿನಿಯರ್ ಸೇರಿ, ಕೈಬಿಟ್ಟೊಡನೆ ತಾನೇ ಉಬ್ಬಿ ಸುತ್ತಲಿನ ಗಾಳಿಯನ್ನೇ ತುಂಬಿಕೊಳ್ಳುವ ಚೀಲವೊಂದನ್ನು 1956ರಲ್ಲಿ ಹೊರತಂದರು. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರ ಬಾಯಲ್ಲೂ ಇರುವ 'ಆಂಬು ಬ್ಯಾಗ್' ಇದೇ. ಭಾರತವು ಪೋಲಿಯೊಮುಕ್ತವೆಂದು 2014ರ ಮಾರ್ಚಿನಲ್ಲಿ ಸಾರಲಾಯಿತು, ಆದರೆ ಚೀಲಕ್ಕೆ ವಿರಾಮವಿಲ್ಲ: ನ್ಯುಮೋನಿಯ, ನೀರಲ್ಲಿ ಮುಳುಗಿದ್ದು, ಹುಟ್ಟಿದೊಡನೆ ಅಳದ ಕೂಸು. ದೊಡ್ಡವರಿಗೊಂದು ಅಳತೆ, ಮಕ್ಕಳಿಗೊಂದು, ಎಳೆಗೂಸಿಗೆ ಇನ್ನೂ ಚಿಕ್ಕದೊಂದು. ಎಳೆಯ ಶ್ವಾಸಕೋಶ ಹೆಚ್ಚು ಒತ್ತಡವನ್ನು ತಾಳದು. ಆದ್ದರಿಂದ ಹಿಸುಕುವವರ ಕಣ್ಣು ಮಗುವಿನ ಎದೆಯ ಮೇಲಿರುತ್ತದೆ, ಅದು ತುಸುವೇ ಏಳುವಷ್ಟು ಹಿಸುಕಿ ಕೈಬಿಡುತ್ತಾರೆ.