ಔಷಧಸೇವನೆಯಲ್ಲಿ ರೋಗಿಯ ವಿವೇಕ

ವೈದ್ಯನು ವಿಧಿಸಿದ ಔಷಧವನ್ನು ಅದರ ಹೆಸರು, ಪ್ರಮಾಣ, ಕಾಲ, ಅವಧಿ ಹಾಗೂ ಅಪಾಯಗಳನ್ನು ಅರಿತು ಸೇವಿಸುವ ರೋಗಿಯ ನಡವಳಿಕೆ. ಚಿಕಿತ್ಸೆಯ ಸಾಫಲ್ಯವು ವೈದ್ಯನ ಜ್ಞಾನವನ್ನೂ ಔಷಧದ ಗುಣವನ್ನೂ ಅವಲಂಬಿಸಿರುವಂತೆಯೇ ರೋಗಿಯ ಯೋಗ್ಯತೆಯನ್ನೂ ಅವಲಂಬಿಸಿದೆಯೆಂಬ ಅರಿವು ಭಾರತೀಯ ವೈದ್ಯಶಾಸ್ತ್ರಕ್ಕೆ ಪ್ರಾಚೀನವಾದುದು. ಚರಕಸಂಹಿತೆಯ ಸೂತ್ರಸ್ಥಾನವು ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಎಣಿಸಿ, ರೋಗಿಯಲ್ಲಿ ಸ್ಮೃತಿ, ನಿರ್ದೇಶಪಾಲನೆ, ನಿರ್ಭಯತೆ, ತನ್ನ ಬಾಧೆಯನ್ನು ತಿಳಿಯಹೇಳಬಲ್ಲ ಶಕ್ತಿ ಎಂಬ ನಾಲ್ಕು ಗುಣಗಳಿರಬೇಕೆಂದು ವಿಧಿಸಿದೆ. ಔಷಧಗಳ ಸಂಖ್ಯೆಯೂ ತೀಕ್ಷ್ಣತೆಯೂ ಬಹುವಾಗಿ ಬೆಳೆದಿರುವ ಈ ಕಾಲದಲ್ಲಿ ಆ ಗುಣಗಳ ಅಗತ್ಯ ಇನ್ನೂ ಹೆಚ್ಚಿದೆ.

ತಿಳಿಯಹೇಳುವ ಕರ್ತವ್ಯ ಚೀಟಿ ಬರೆಯುವುದಕ್ಕೆ ಮೊದಲೇ ಆರಂಭವಾಗುತ್ತದೆ. ಹಿಂದೆ ಪೆನಿಸಿಲಿನ್, ಸಲ್ಫಾ ಮೊದಲಾದ ಔಷಧಗಳಿಂದ ಮೈಮೇಲೆ ದದ್ದು ಎದ್ದಿದ್ದರೆ ಅದನ್ನೂ, ಗರ್ಭಿಣಿಯೋ ಬಾಣಂತಿಯೋ ಆಗಿದ್ದರೆ ಅದನ್ನೂ, ಯಕೃತ್ತು ಅಥವಾ ಮೂತ್ರಪಿಂಡದ ರೋಗವಿದ್ದರೆ ಅದನ್ನೂ, ಬೇರೆ ವೈದ್ಯರಿಂದ ಪಡೆದ ಮಾತ್ರೆಗಳನ್ನೂ, ಮನೆಯಲ್ಲಿ ಸೇವಿಸುತ್ತಿರುವ ಕಷಾಯ, ಲೇಹ್ಯ, ನಾಟಿ ಔಷಧಗಳನ್ನೂ ಸಂಕೋಚವಿಲ್ಲದೆ ಅರುಹತಕ್ಕದ್ದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವವನು ಮೈಕೈ ನೋವಿಗೆಂದು ತಾನಾಗಿಯೇ ಆಸ್ಪಿರಿನ್ ನುಂಗಿದರೆ ರಕ್ತಸ್ರಾವದ ಅಪಾಯವುಂಟು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರಾಜನಕವಾಗಿ ಮಾರಾಟಕ್ಕೆ ಬಂದು ಗರ್ಭಿಣಿಯರ ಓಕರಿಕೆಗೂ ಬಳಕೆಯಾದ ಥ್ಯಾಲಿಡೊಮೈಡ್ 1961ರಲ್ಲಿ ಹಿಂತೆಗೆಯಲ್ಪಡುವಷ್ಟರಲ್ಲಿ ಸಹಸ್ರಾರು ಶಿಶುಗಳು ಕೈಕಾಲುಗಳ ವೈಕಲ್ಯದೊಡನೆ ಜನಿಸಿದ್ದವು.

ಭಾರತದಲ್ಲಿ ಔಷಧಗಳ ತಯಾರಿಕೆ ಮತ್ತು ಮಾರಾಟವನ್ನು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮವೂ ಅದರಡಿಯ 1945ರ ನಿಯಮಗಳೂ ನಿಯಂತ್ರಿಸುತ್ತವೆ. ಹೊದಿಕೆಯ ಮೇಲಿನ ಕೆಂಪು ಗೆರೆಯು ಆ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬುದರ ಕುರುಹು. ಕೆಲವು ಪ್ರಬಲ ಪ್ರತಿಜೀವಕಗಳು, ಕ್ಷಯದ ಔಷಧಗಳು ಮತ್ತು ಚಟ ಹಿಡಿಸಬಲ್ಲ ಔಷಧಗಳು 2014ರಿಂದ ಎಚ್-1 ಅನುಸೂಚಿಗೆ ಒಳಪಟ್ಟಿದ್ದು, ಇವುಗಳ ಮಾರಾಟದ ವಿವರವನ್ನು ಔಷಧದಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷಗಳ ಕಾಲ ಕಾಪಾಡಬೇಕು. ಕೊಳ್ಳುವವನು ವ್ಯಾಪಾರನಾಮಕ್ಕಿಂತ ಮೂಲದ್ರವ್ಯದ ಹೆಸರನ್ನು ಓದಿಕೊಳ್ಳುವುದು ಮುಖ್ಯ; ಏಕೆಂದರೆ ಜ್ವರದ ಮಾತ್ರೆಯಂತೆ ನೆಗಡಿಯ ಮಾತ್ರೆಯಲ್ಲಿಯೂ ಅನೇಕ ವೇಳೆ ಪ್ಯಾರಾಸಿಟಮಾಲ್ ಇರುವುದರಿಂದ, ಎರಡನ್ನೂ ನುಂಗುತ್ತ ಹೋದವನು ವಯಸ್ಕರಿಗೆ ದಿನಕ್ಕೆ 4 ಗ್ರಾಂ ಎಂಬ ಮಿತಿಯನ್ನು ಅರಿಯದೆಯೇ ಮೀರಿ ಯಕೃತ್ತಿಗೆ ಹಾನಿ ತಂದುಕೊಳ್ಳಬಹುದು. ಹತ್ತು ಮಾತ್ರೆಗಳ ಸ್ಟ್ರಿಪ್ಪಿನಿಂದ ನಾಲ್ಕನ್ನು ಕತ್ತರಿಸಿ ಕೊಟ್ಟಾಗ, ಅವಧಿ ಮುಗಿಯುವ ತಿಂಗಳನ್ನು ಮುದ್ರಿಸಿದ ತುದಿ ಅಂಗಡಿಯಲ್ಲಿಯೇ ಉಳಿದುಬಿಡುವುದುಂಟು. ಆ ತುದಿಯನ್ನು ಕೇಳಿ ನೋಡಿ, ತಿಂಗಳನ್ನು ಚೀಟಿಯ ಮೇಲೆ ಗುರುತು ಹಾಕಿಕೊಳ್ಳುವುದು ಕ್ಷೇಮ.

ಸ್ಮೃತಿಯ ಗುಣ ಪ್ರಮಾಣ ಮತ್ತು ಕಾಲಗಳ ವಿಷಯದಲ್ಲಿ ಪರೀಕ್ಷೆಗೊಳಗಾಗುತ್ತದೆ. ಚೀಟಿಯಲ್ಲಿ ಬರೆಯುವ 1-0-1 ಎಂಬುದು ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದರ ಸಂಕೇತ. ಊಟಕ್ಕೆ ಮೊದಲೋ ಅನಂತರವೋ ಎಂಬುದನ್ನು ಕೇಳಿಯೇ ತಿಳಿಯಬೇಕು. ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಬರಿಹೊಟ್ಟೆಯಲ್ಲಿ ಸೇವಿಸತಕ್ಕದ್ದು. ಅದಕ್ಕೂ ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗಳಿಗೂ 4 ಗಂಟೆಗಳ ಅಂತರವಿರಬೇಕು. ಟೆಟ್ರಾಸೈಕ್ಲಿನ್ ಹಾಲಿನೊಡನೆ ಕೂಡಿದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳಲಾರದು. ಮಕ್ಕಳ ಸಿರಪ್ಪನ್ನು ಅಡುಗೆಮನೆಯ ಚಮಚದಿಂದಲ್ಲದೆ ಬಾಟಲಿಯೊಡನೆ ಬರುವ ಗೆರೆಯುಳ್ಳ ಮುಚ್ಚಳದಿಂದ ಅಳೆಯಬೇಕು. ಒಂದು ಹೊತ್ತಿನ ಮಾತ್ರೆ ಮರೆತುಹೋಯಿತೆಂದು ಮುಂದಿನ ಹೊತ್ತಿಗೆ ಎರಡನ್ನು ನುಂಗಲಾಗದು.

ನಿರ್ದೇಶಪಾಲನೆಯ ಮಹತ್ತ್ವವನ್ನು ಕ್ಷಯರೋಗದಷ್ಟು ಸ್ಪಷ್ಟವಾಗಿ ತೋರುವ ವ್ಯಾಧಿ ವಿರಳ. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು, ಮನೆಯಲ್ಲಿದ್ದು ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣಹೊಂದುವರೆಂದು ತೋರಿಸಿದ ಬಳಿಕ ಮನೆಯ ಚಿಕಿತ್ಸೆಯೇ ರೂಢಿಯಾಯಿತು. ಅದರೊಡನೆ ದಾದಿಯರು ಹೊತ್ತಿದ್ದ ಹೊಣೆಯ ದೊಡ್ಡ ಪಾಲು ರೋಗಿಗೆ ಬಂದಿತು. ಈಗಿನ 6 ತಿಂಗಳ ಚಿಕಿತ್ಸೆಯಲ್ಲಿ ಜ್ವರವೂ ಕೆಮ್ಮೂ ಬಹುಮಟ್ಟಿಗೆ ಮೊದಲ ವಾರಗಳಲ್ಲಿಯೇ ಇಳಿಯುವುದರಿಂದ, ಗುಣವಾಯಿತೆಂದು ಭ್ರಮಿಸಿ ಮಾತ್ರೆ ಬಿಡುವವರುಂಟು. ಆಗ ಉಳಿದ ರೋಗಾಣುಗಳು ಔಷಧಕ್ಕೆ ಜಗ್ಗದ ತಳಿಯಾಗಿ ಬೆಳೆದು ಮನೆಯವರಿಗೂ ಹರಡಬಲ್ಲವು. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತನ್ನ ನೊಬೆಲ್ ಉಪನ್ಯಾಸದಲ್ಲಿಯೇ, ಸಾಲದ ಪ್ರಮಾಣದ ಸೇವನೆಯಿಂದ ಇಂತಹ ವಿಪತ್ತು ಒದಗುವುದೆಂದು ಎಚ್ಚರಿಸಿದ್ದನು. ದೀರ್ಘಕಾಲ ಸೇವಿಸಿದ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದೂ ಅಪಾಯಕರ. ವೈದ್ಯರ ಸೂಚನೆಯಂತೆ ಅದನ್ನು ಕ್ರಮಕ್ರಮವಾಗಿ ಇಳಿಸಬೇಕು.

ನಿರ್ಭಯತೆಯೆಂದರೆ ಅರ್ಥವಾಗದುದನ್ನು ಕೇಳುವ, ಆದ ತೊಂದರೆಯನ್ನು ಮರೆಮಾಚದಿರುವ ಧೈರ್ಯ. ಔಷಧ ಸೇವಿಸಿದ ಮೇಲೆ ಮುಖ, ತುಟಿಗಳು ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಔಷಧಗಳ ದುಷ್ಪರಿಣಾಮಗಳನ್ನು ಸಂಗ್ರಹಿಸಿ ಪರಿಶೀಲಿಸಲು ಭಾರತ ಸರ್ಕಾರವು 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿದ್ದು, ಗಾಜಿಯಾಬಾದಿನ ಭಾರತೀಯ ಔಷಧಸಂಹಿತಾ ಆಯೋಗವು ಅದರ ಕೇಂದ್ರವಾಗಿದೆ. ಇದಕ್ಕೆಂದೇ ಇರುವ 1800-180-3024 ಎಂಬ ಉಚಿತ ದೂರವಾಣಿಯಲ್ಲಿ ವೈದ್ಯರಂತೆಯೇ ರೋಗಿಯೂ ತನಗಾದ ತೊಂದರೆಯನ್ನು ನೇರವಾಗಿ ವರದಿ ಮಾಡಬಹುದು.