ಅಜ್ಜನ ರಿವಾಲ್ವರಿಗೆ ಬೆಲೆ ಎಷ್ಟು?

2019ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ಒಂದು ರಿವಾಲ್ವರ್ ಹರಾಜಾಯ್ತು. ಮೈಯೆಲ್ಲ ತುಕ್ಕು. ನಮ್ಮೂರ ಗುಜರಿಯವನಿಗೆ ಕೊಟ್ಟಿದ್ದರೆ ತಕ್ಕಡಿಗೂ ಹಾಕುತ್ತಿರಲಿಲ್ಲವೇನೋ. ಅದು ಹೋಗಿದ್ದು 1,62,500 ಯೂರೋಗೆ! 1890ರಲ್ಲಿ ಚಿತ್ರಕಾರ ವ್ಯಾನ್ ಗೋ ತನಗೆ ತಾನೇ ಗುಂಡು ಹಾರಿಸಿಕೊಂಡಿದ್ದು ಇದರಿಂದಲೇ ಇರಬೇಕು ಅನ್ನುವ ನಂಬಿಕೆ ಅದರ ಹಿಂದಿತ್ತು. 1960ರ ಸುಮಾರಿಗೆ ರೈತನೊಬ್ಬನಿಗೆ ಹೊಲದಲ್ಲಿ ಸಿಕ್ಕಿದ್ದಂತೆ ಅದು. ಖಚಿತ ಅಂತ ಯಾರೂ ಹೇಳಿಲ್ಲ. "ಇರಬೇಕು" ಅನ್ನುವ ಒಂದು ಪದಕ್ಕೆ ಕೋಟಿ ರೂಪಾಯಿ ಮೀರಿದ ಬೆಲೆ...

ಈ ಸುದ್ದಿ ನನಗೆ ನೆನಪಾಗಿದ್ದು ನಮ್ಮ ಟೀಮಿನ ಗೆಳೆಯನಿಂದ. ಅವನ ಅಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿ ಡಾಕ್ಟರಾಗಿದ್ದವರು. ಅವರು ತೀರಿಕೊಂಡ ಮೇಲೆ ಉಳಿದದ್ದು ಒಂದು ವೆಬ್ಲಿ ರಿವಾಲ್ವರ್ ಮತ್ತು ಅಂಚು ಹರಿದ ಲೈಸೆನ್ಸ್ ಪುಸ್ತಕ. ಗೆಳೆಯನ ಇಬ್ಬರು ಅತ್ತೆಯರಲ್ಲಿ ಒಬ್ಬರ ಮನೆಯ ಮಾಡು ಸೋರುತ್ತಿದೆ, ಅವರಿಗೆ ದುಡ್ಡು ಬೇಕು. ಇನ್ನೊಬ್ಬರಿಗೆ ಅಪ್ಪನ ನೆನಪು ಮನೆಯಲ್ಲೇ ಇರಬೇಕು. "ಲೋ, ನೀನು ಹಳೇದೆಲ್ಲ ಓದ್ತಿರ್ತೀಯಲ್ಲ, ಇದಕ್ಕೆ ಎಷ್ಟು ಬರತ್ತೋ?" ಅಂತ ಕೇಳಿದ. ಎರಡು ವಾರಾಂತ್ಯ ಇದರಲ್ಲೇ ಕಳೆದೆ. ಅದರ ಫಲ ಈ ಬರಹ :)

ಮೊದಲು ವಸ್ತುವಿನ ವಿಚಾರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ ರಿವಾಲ್ವರನ್ನು ಬ್ರಿಟಿಷ್ ಸೇನೆ ಒಪ್ಪಿಕೊಂಡಿದ್ದು 1887ರಲ್ಲಿ. ಅದು ಮಾರ್ಕ್ ಒಂದು. ಅಲ್ಲಿಂದ ಸುಧಾರಿಸುತ್ತಾ 1915ರ ಹೊತ್ತಿಗೆ ಮಾರ್ಕ್ ಆರು ಬಂತು (ನಮ್ಮ ಸಾಫ್ಟ್‌ವೇರ್ ವರ್ಷನ್‌ಗಳಿಗೆ ಹೋಲಿಸಿದರೆ ನಿಧಾನವೇ). ಆರು ಇಂಚಿನ ನಳಿಗೆ, ಆರು ಗುಂಡು, ಒಂದು ಕೆ.ಜಿ.ಗಿಂತ ಹೆಚ್ಚು ತೂಕ. ಪಕ್ಕದ ಚಿಲಕ ಒತ್ತಿ ನಳಿಗೆಯನ್ನು ಕೆಳಕ್ಕೆ ಮಡಿಸಿದರೆ ಖಾಲಿ ತೋಟಾಗಳೆಲ್ಲ ಒಟ್ಟಿಗೆ ಹೊರಗೆ ಬರುತ್ತವೆ. ಕಂದಕಗಳ ಕೆಸರಿನಲ್ಲೂ ಕೈಕೊಡುವುದಿಲ್ಲ ಅಂತ ಹೆಸರು ಮಾಡಿತ್ತು. ಆಗೆಲ್ಲ ಬ್ರಿಟಿಷ್ ಅಧಿಕಾರಿಗಳು ರಿವಾಲ್ವರನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಿತ್ತು, ಸೇನೆಯ.455 ಗುಂಡು ಅದರಲ್ಲಿ ಹಾರಿದರೆ ಸಾಕಿತ್ತು. ಹಾಗಾಗಿ ಇಂಥವು ಸರ್ಕಾರಿ ಉಗ್ರಾಣಗಳ ಹೊರಗೆ, ಮನೆಮನೆಗಳಲ್ಲೂ ಉಳಿದವು.

ಬೆಲೆ ಕಟ್ಟುವವರು ಏನು ನೋಡುತ್ತಾರೆ? ಮಾರ್ಕ್ ಆರರ ಚೌಕಟ್ಟಿನ ಮೇಲೆ ತಯಾರಾದ ಇಸವಿಯ ಮುದ್ರೆ ಇರುತ್ತದೆ. ನನ್ನ ಗೆಳೆಯನ ಮನೆಯದರಲ್ಲಿ 1917. ಚೌಕಟ್ಟು, ನಳಿಗೆ, ಗುಂಡು ತುಂಬುವ ಉರುಳೆ ಇವುಗಳ ಮೇಲಿನ ನಂಬರುಗಳು ಒಂದೇ ಆಗಿರಬೇಕು, ಬೇರೆಬೇರೆಯಾದರೆ ಬಿಡಿಭಾಗ ಬದಲಾಗಿದೆ ಅಂತ ಅರ್ಥ. ಬ್ರಿಟಿಷ್ ಸರ್ಕಾರದ ಸೊತ್ತಾಗಿದ್ದರೆ ಅಗಲ ಬಾಣದ ಗುರುತು ಇರುತ್ತದೆ. ಅಮೆರಿಕಕ್ಕೆ ಹೋದ ಎಷ್ಟೋ ವೆಬ್ಲಿಗಳ ಉರುಳೆಯನ್ನು ಅಲ್ಲಿ ಸುಲಭವಾಗಿ ಸಿಗುವ .45 ಗುಂಡಿಗಾಗಿ ಕೆತ್ತಿ ತೆಳ್ಳಗೆ ಮಾಡಿಬಿಟ್ಟರು, ಸಂಗ್ರಾಹಕರು ಅಂಥದ್ದಕ್ಕೆ ಕಡಿಮೆ ಕೊಡುತ್ತಾರೆ. ಇನ್ನೊಂದು, ಹೊಳಪು. ಹಳೆಯ ಬಣ್ಣ ಎಷ್ಟೇ ಮಾಸಿದ್ದರೂ ಹಾಗೇ ಇರಬೇಕು. "ನಿಮ್ಮಜ್ಜಿ ಬ್ರಾಸೋ ಹಾಕಿ ಉಜ್ಜಿಲ್ಲ ತಾನೇ?" ಅಂತ ನಾನು ಕೇಳಿದ ಮೊದಲ ಪ್ರಶ್ನೆ ಅದೇ. ಪುಣ್ಯಕ್ಕೆ ಇಲ್ಲ.

ಇದೆಲ್ಲದರ ಮೇಲೆ ಕಾಗದದ ಬೆಲೆ. ಭಗತ್ ಸಿಂಗ್ 1928ರಲ್ಲಿ ಲಾಹೋರಿನಲ್ಲಿ ಸ್ಯಾಂಡರ್ಸ್ ಮೇಲೆ ಹಾರಿಸಿದ ಆಯುಧದ ಕಥೆ ನೋಡಿ (ಅದು ರಿವಾಲ್ವರ್ ಅಲ್ಲ, .32 ಕೋಲ್ಟ್ ಪಿಸ್ತೂಲು). ಇಂದೋರಿನ ಗಡಿ ಭದ್ರತಾ ಪಡೆಯ ಸಂಗ್ರಹಾಲಯದಲ್ಲಿ ಕಪ್ಪು ಬಣ್ಣ ಬಳಿದುಕೊಂಡು ನೂರಾರು ಆಯುಧಗಳ ನಡುವೆ ಇತ್ತು. 2016ರಲ್ಲಿ ಬಣ್ಣದಡಿಯ ನಂಬರು 168896 ಹಳೆಯ ದಾಖಲೆಯ ಜೊತೆ ತಾಳೆಯಾದಾಗ ಎಲ್ಲರ ಕಣ್ಣು ಅದರ ಮೇಲೆ ಬಿತ್ತು. 2017ರಲ್ಲಿ ಹುಸೇನಿವಾಲಾಕ್ಕೆ ಹೋಯಿತು. ಅದೇ ಕಬ್ಬಿಣ, ಅದೇ ಕಪಾಟು, ಒಂದು ನಂಬರು ಗೊತ್ತಾಗುವವರೆಗೆ ಅದನ್ನು ಕೇಳುವವರಿರಲಿಲ್ಲ.

ಡಾಕ್ಟರಜ್ಜ ಅಂಥ ಚರಿತ್ರೆಯ ಪುರುಷರಲ್ಲ. ಮಾರ್ಕ್ ಆರು ಅಪರೂಪದ್ದೂ ಅಲ್ಲ, ಮೊದಲ ಮಹಾಯುದ್ಧದಲ್ಲಿ ಸುಮಾರು ಮೂರು ಲಕ್ಷ ತಯಾರಾಗಿದ್ದವು. ಅಮೆರಿಕದ ಹರಾಜುಗಳಲ್ಲಿ ಕೆತ್ತದ, ಒಳ್ಳೆಯ ಸ್ಥಿತಿಯದ್ದು ಸಾವಿರ ಡಾಲರಿನ ಆಚೀಚೆ ಹೋಗುತ್ತದೆ. ನಮ್ಮ ಗೆಳೆಯ ಅದನ್ನು ರೂಪಾಯಿಗೆ ಗುಣಿಸಿ ಅತ್ತೆಯ ಮಾಡಿನ ಲೆಕ್ಕ ಹಾಕಿಯೂ ಬಿಟ್ಟಿದ್ದ.

ಆದರೆ ಆ ಗುಣಾಕಾರ ನಡೆಯುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ 1857ಕ್ಕೆ ಹೋಗಬೇಕು.

ಆ ದಂಗೆಯಾದ ಮೇಲೆ ಬ್ರಿಟಿಷರಿಗೆ ಭಾರತೀಯರ ಕೈಯಲ್ಲಿ ಬಂದೂಕು ಅಂದರೆ ಬೆವರು. ಊರೂರಿನಲ್ಲಿ ನಿಶ್ಶಸ್ತ್ರೀಕರಣ ನಡೆಯಿತು. 1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ ಶಸ್ತ್ರ ಕಾಯ್ದೆ ಬಂತು. ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ಬೇಡ! ದೇಶಭಾಷಾ ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ ಕಾಯ್ದೆಯೂ ಅದೇ ವರ್ಷದ್ದು. ಇದರ ನಡುವೆ ನಮ್ಮ ಕೊಡಗಿನದು ಬೇರೆಯೇ ದಾರಿ. 1861ರಲ್ಲೇ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟ. ಆ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಬಂತು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಹಾಸನದ ನನ್ನ ಗೆಳೆಯನಿಗೆ ಗಡಿಯಾಚೆಯ ಈ ಭಾಗ್ಯ ಇಲ್ಲ.

ಸ್ವತಂತ್ರ ಭಾರತದ ಶಸ್ತ್ರ ಕಾಯ್ದೆ 1959ರದ್ದು, ಜಾರಿಗೆ ಬಂದಿದ್ದು 1962ರಲ್ಲಿ. ಜನಾಂಗದ ಭೇದ ಹೋಯಿತು, ಲೈಸೆನ್ಸ್ ಉಳಿಯಿತು. ಜೊತೆಗೆ ಬಂದ 1962ರ ನಿಯಮಗಳ ಅನುಬಂಧದಲ್ಲಿ ಒಂದು ಸಾಲಿದೆ, ನಮ್ಮ ಕಥೆಯ ಕೀಲಿ ಅಲ್ಲೇ ಇರುವುದು. ಸೇನೆ ಬಳಸುವ ಗುಂಡು ಹಾರಿಸಬಲ್ಲ ಆಯುಧಗಳನ್ನು ಬೇರೆಯೇ ಗುಂಪಿಗೆ ಸೇರಿಸಿದರು, ಅದರಲ್ಲಿ .455 ರಿವಾಲ್ವರೂ ಸೇರಿತು. ಜನರ ಬಾಯಲ್ಲಿ ಇದು 'ನಿಷೇಧಿತ ಬೋರ್'. ಇದರ ಲೈಸೆನ್ಸ್ ಜಿಲ್ಲಾಧಿಕಾರಿ ಕೈಯಲ್ಲಿಲ್ಲ, ಕಡತ ದೆಹಲಿಯ ಗೃಹ ಸಚಿವಾಲಯಕ್ಕೆ ಹೋಗಬೇಕು. ಅದೇ ವೆಬ್ಲಿ ಹೆಸರಿನ .32 ಆಗಿದ್ದರೆ ಸಾಮಾನ್ಯ ಲೈಸೆನ್ಸ್ ಇರುವವರು ಮುಗಿಬಿದ್ದು ಕೊಳ್ಳುತ್ತಾರೆ, ಯಾಕೆಂದರೆ 1980ರ ದಶಕದಿಂದ ಸಾಮಾನ್ಯರಿಗೆ ವಿದೇಶಿ ಆಯುಧದ ಆಮದು ಬಂದ್. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರೂ ವೆಬ್ಲಿಯ ಅಚ್ಚಿನದೇ. ಯುದ್ಧ ನೋಡಿದ್ದಕ್ಕೆ ಹೊರದೇಶದಲ್ಲಿ ಬೆಲೆ ಏರುತ್ತದೆ, ಇಲ್ಲಿ ಅದೇ ಕಾರಣಕ್ಕೆ ಕೊಳ್ಳುವವನೇ ಇಲ್ಲ. ಹರಾಜಿನ ಪಟ್ಟಿ ಹಿಡಿದು ನಮ್ಮಲ್ಲಿ ಬೆಲೆ ಕಟ್ಟುವುದು ಬರೀ ಭ್ರಮೆ ಅಂತ ನನಗನ್ನಿಸಿದ್ದು ಇಲ್ಲೇ.

"ಹೊರದೇಶಕ್ಕೇ ಕಳಿಸಿದರೆ?" ಅಂದ ಗೆಳೆಯ. ಆಯುಧ ರಫ್ತಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಅದಲ್ಲದೆ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ಖಾಸಗಿಯವರು ಹೊರಗೆ ಕಳಿಸುವಂತಿಲ್ಲ. 1917ರ ಮುದ್ರೆ ಈಗ ನೂರು ದಾಟಿದೆಯಲ್ಲ! "ಹಳೇದು ತಾನೇ, ಲೈಸೆನ್ಸೇ ಬೇಡವೇನೋ" ಅಂತ ಮತ್ತೊಂದು ಆಸೆ. ಅಮೆರಿಕದಲ್ಲಿ 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಅಲ್ಲಿನ ಕೇಂದ್ರ ಕಾನೂನಿನ ಕಣ್ಣಲ್ಲಿ ಬಂದೂಕೇ ಅಲ್ಲ. ನಮ್ಮಲ್ಲಿ ಹಾಗೆ ಇಸವಿಯ ಗೆರೆ ಇಲ್ಲ. ನಮ್ಮ ಕಾಯ್ದೆಯ 45ನೇ ಕಲಮು ಹಳೆಯ ಆಯುಧಕ್ಕೆ ವಿನಾಯಿತಿ ಕೊಡುವುದು ಅದು ರಿಪೇರಿ ಮಾಡಿದರೂ ಗುಂಡು ಹಾರಿಸಲಾರದು ಅನ್ನುವಂತಿದ್ದರೆ ಮಾತ್ರ. ಅಜ್ಜ ಎಣ್ಣೆ ಹಾಕಿ ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೇ ಇಲ್ಲಿ ಮುಳುವಾಯ್ತು.

ಹಾಗಾದರೆ ಕಾನೂನಿನ ದಾರಿ ಯಾವುದು? ಲೈಸೆನ್ಸ್ ಇದ್ದವರು ತೀರಿಕೊಂಡರೆ ಆಯುಧ ಬೀರುವಿನಲ್ಲಿ ಇರುವಂತಿಲ್ಲ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಹತ್ತಿರವೋ ಜಮಾ ಮಾಡಿ ರಸೀದಿ ತೆಗೆದುಕೊಳ್ಳಬೇಕು, ಇದು 21ನೇ ಕಲಮು. ಜಮಾ ಮಾಡಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿ ವಾಪಸು ಪಡೆಯಬಹುದು, ಇಲ್ಲವೇ ಅಲ್ಲಿಂದಲೇ ಅರ್ಹನಾದವನಿಗೆ ಮಾರಿ ಹಣ ಪಡೆಯಬಹುದು. ಆದರೆ ಗೊತ್ತುಮಾಡಿದ ಅವಧಿ ಮೀರಿದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶದಿಂದ ಅದು ಸರ್ಕಾರದ ಪಾಲು. ಎಷ್ಟೋ ಮನೆಗಳ ಕೋವಿಗಳು ಠಾಣೆಯ ಮೂಲೆ ಸೇರುವುದು ಹೀಗೆ, ರಸೀದಿ ಎಲ್ಲಿಟ್ಟೆವು ಅಂತ ಹುಡುಕುವಷ್ಟರಲ್ಲಿ ಕಾಲ ಕಳೆದಿರುತ್ತದೆ.

ಲೈಸೆನ್ಸ್ ಇರುವವರೇ ತಮ್ಮ ಆಯುಧ ಮಾರುವುದಾದರೆ ಕೊಳ್ಳುವವರ ಹೆಸರು ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರಿಗೂ ಅದೇ ಬಗೆಯ ಲೈಸೆನ್ಸ್ ಇರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಹತ್ತಿರ ಎರಡೇ ಆಯುಧ ಇರಬಹುದು (ಮುಂಚೆ ಮೂರಿತ್ತು), ವಂಶದಿಂದ ಬಂದದ್ದೂ ಆ ಲೆಕ್ಕದೊಳಗೇ. ಹಾಗಾಗಿ ಕೊಳ್ಳುವವರು ಇನ್ನೂ ಕಡಿಮೆಯಾದರು. ಕಾಗದವಿಲ್ಲದೆ ಇಟ್ಟುಕೊಂಡರೆ ಅದೇ ತಿದ್ದುಪಡಿ ಕನಿಷ್ಠ ಎರಡು ವರ್ಷ ಜೈಲು ಅನ್ನುತ್ತದೆ. "ಗೊತ್ತಿರೋರು ಯಾರಿಗಾದ್ರೂ ಕೊಟ್ಬಿಡಿ" ಅನ್ನುವ ನೆಂಟರ ಮಾತು ಕೇಳಲೇಬೇಡಿ.

ಗೆಳೆಯನ ಮನೆಯವರು ಅಜ್ಜನ ಕರ್ಮಾಂತರ ಮುಗಿದ ವಾರವೇ ವ್ಯಾಪಾರಿಯೊಬ್ಬರ ಹತ್ತಿರ ಜಮಾ ಮಾಡಿದ್ದರು, ಅದು ಒಳ್ಳೆಯದಾಯ್ತು. ವ್ಯಾಪಾರಿ ನಂಬರು ನೋಡಿ, ಬೋರ್ ನೋಡಿ, "ಸಾರ್, ಮಾಲು ಬಂಗಾರ, ಆದ್ರೆ ತಗೊಳ್ಳೋರು ಯಾರು?" ಅಂದರಂತೆ. 2016ರ ನಿಯಮಗಳಲ್ಲಿ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಲು ಅವಕಾಶವಿದೆ, ಉಳಿದ ವಾರಸುದಾರರ ತಕರಾರಿಲ್ಲ ಅನ್ನುವ ಪತ್ರ ಬೇಕು. ಮಾಡು ಸೋರುವ ಮನೆಯ ಅತ್ತೆ ಮೂರು ದಿನ ಮಾತಾಡಲಿಲ್ಲ, ನಾಲ್ಕನೇ ದಿನ ಬಂದು ಸಹಿ ಹಾಕಿದರು. ಗೆಳೆಯನ ಅಪ್ಪ ಅವರ ಮಾಡಿಗೆ ತಾವೇ ದುಡ್ಡು ಕೊಟ್ಟರು. ಅರ್ಜಿ ಈಗ ದೆಹಲಿಯಲ್ಲಿದೆ. ಅದು ತಿರಸ್ಕಾರವಾದರೆ ಸೇನೆಯ ಯಾವುದಾದರೂ ಸಂಗ್ರಹಾಲಯಕ್ಕೆ ಕೊಡುವುದು ಅಂತ ಮಾತಾಗಿದೆ. ಅದಕ್ಕಾಗಿ ಲೈಸೆನ್ಸ್ ಪುಸ್ತಕದ ಪ್ರತಿ ಪುಟ, ಅಜ್ಜನ ಸೇವಾ ದಾಖಲೆ, ಸಮವಸ್ತ್ರದಲ್ಲಿರುವ ಒಂದೇ ಒಂದು ಫೋಟೋ ಎಲ್ಲವನ್ನೂ ಕಳೆದ ಭಾನುವಾರ ಕೂತು ಸ್ಕ್ಯಾನ್ ಮಾಡಿದೆವು.