ದೋಣಿಕಟ್ಟೆಯ ಕಡಾಯಿ: ಕ್ರಿಸ್‌ಮಸ್ ಸೇವೆಯ ಒಂದು ಚರಿತ್ರೆ



ಕ್ರಿಸ್‌ಮಸ್ ಎಂದೊಡನೆ ನಕ್ಷತ್ರದೀಪ, ಗೋದಲಿ, ಕೇಕು ನಿಮ್ಮ ಕಣ್ಣ ಮುಂದೆ ಬರಬಹುದು. ಆದರೆ ಡಿಸೆಂಬರ್ ತಿಂಗಳಲ್ಲಿ ಚರ್ಚಿನ ಯುವಕ ಸಂಘ, ಮಹಿಳಾ ಸಂಘಗಳು ಮಾಡುವ ಇನ್ನೊಂದು ಕೆಲಸವೂ ಉಂಟು. ಅವರು ಮನೆಮನೆಗೆ ಹೋಗಿ ಹಾಡುತ್ತಾರೆ, ಹಣ ಕೂಡಿಸುತ್ತಾರೆ, ಬಡವರಿಗೆ ಹಬ್ಬದ ಊಟ ಹಾಕುತ್ತಾರೆ. ಹೀಗೆ ಕೊಡುವಾಗ ಪಡೆಯುವವರ ಮಾನವನ್ನು ಕಾಪಾಡುವುದು ಹೇಗೆ? ಅಮೆರಿಕದಲ್ಲಿ ನಡೆದ ಒಂದು ಪ್ರಸಂಗವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1865ರಲ್ಲಿ ವಿಲಿಯಂ ಬೂತ್ ಮತ್ತು ಕ್ಯಾಥರೀನ್ ಬೂತ್ ದಂಪತಿಗಳು ಲಂಡನ್ನಿನ ಬಡ ಬಡಾವಣೆಯಾದ ಈಸ್ಟ್ ಎಂಡ್‌ನಲ್ಲಿ ಒಂದು ಧರ್ಮಸಂಸ್ಥೆಯನ್ನು ಆರಂಭಿಸಿದರು. 1878ರಲ್ಲಿ ಅದಕ್ಕೆ ಸಾಲ್ವೇಷನ್ ಆರ್ಮಿ ಎಂಬ ಹೆಸರು ಬಂತು. ಇದು ಆಯುಧವಿಲ್ಲದ ಸೇನೆ. ಸಮವಸ್ತ್ರ, ವಾದ್ಯಮೇಳ, ಕ್ಯಾಪ್ಟನ್ ಮೊದಲಾದ ಪದವಿಗಳು ಮಾತ್ರ ಸೇನೆಯವು.

1891ರ ಡಿಸೆಂಬರ್‌ನಲ್ಲಿ ಈ ಸಂಸ್ಥೆಯ ಕ್ಯಾಪ್ಟನ್ ಜೋಸೆಫ್ ಮೆಕ್‌ಫೀ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಾವಿರ ಬಡವರಿಗೆ ಕ್ರಿಸ್‌ಮಸ್ ಊಟ ಹಾಕಬೇಕೆಂದುಕೊಂಡರು. ಕೈಯಲ್ಲಿ ಹಣವಿರಲಿಲ್ಲ. ಅವರು ಹಿಂದೆ ನಾವಿಕರಾಗಿದ್ದಾಗ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಲ್ಲಿ, ಬಡವರಿಗಾಗಿ ದಾರಿಹೋಕರು ಕಾಸು ಹಾಕುವ ಒಂದು ದೊಡ್ಡ ಪಾತ್ರೆಯನ್ನು ಕಂಡಿದ್ದರು. ಅದನ್ನು ನೆನೆದು, ಮಾರ್ಕೆಟ್ ಬೀದಿಯ ತುದಿಯ ದೋಣಿಕಟ್ಟೆಯಲ್ಲಿ ಏಡಿ ಬೇಯಿಸುವ ಒಂದು ಕಡಾಯಿಯನ್ನು ಇಟ್ಟರು. ಓಕ್‌ಲೆಂಡ್ ದೋಣಿಗೆ ಬಂದುಹೋಗುವವರು ಅದರಲ್ಲಿ ನಾಣ್ಯ ಹಾಕಿದರು. ಊಟಕ್ಕೆ ಬೇಕಾದ ಹಣ ಕೂಡಿತು. ಕೆಲವೇ ವರ್ಷಗಳಲ್ಲಿ ಈ ಪದ್ಧತಿ ಪೂರ್ವ ತೀರದ ಬೋಸ್ಟನ್‌ವರೆಗೂ ಹಬ್ಬಿತು.

ಇಲ್ಲಿ ಒಂದಂಶವನ್ನು ಗಮನಿಸಿ. ಕಡಾಯಿಗೆ ಬಿದ್ದ ನಾಣ್ಯ ಯಾರದೆಂದು ಗುರುತಿರುವುದಿಲ್ಲ. ಕೂಲಿಯವನ ಕಾಸೂ ವ್ಯಾಪಾರಿಯ ಕಾಸೂ ಅಲ್ಲಿ ಒಂದೇ.

1896ರಲ್ಲಿ ಅಮೆರಿಕದ ಶಾಖೆಯ ಹೊಣೆ ಹೊತ್ತವರು ಫ್ರೆಡರಿಕ್ ಬೂತ್-ಟಕರ್. ಇವರು ಹುಟ್ಟಿದ್ದು ನಮ್ಮ ಬಿಹಾರದ ಮುಂಗೇರ್‌ನಲ್ಲಿ. ಐ.ಸಿ.ಎಸ್. ಅಧಿಕಾರವನ್ನು ತೊರೆದು, 1882ರಲ್ಲಿ ಮುಂಬಯಿಗೆ ಬಂದು ಭಾರತದಲ್ಲಿ ಸಂಸ್ಥೆಯ ಕೆಲಸ ಆರಂಭಿಸಿದವರೂ ಇವರೇ. ಜನರೊಂದಿಗೆ ಒಂದಾಗಲು ಭಾರತೀಯ ಉಡುಪು ತೊಟ್ಟು, ಫಕೀರ್ ಸಿಂಗ್ ಎಂಬ ಹೆಸರನ್ನೂ ಇಟ್ಟುಕೊಂಡಿದ್ದರು.

ಇವರ ಆಡಳಿತದ ಕಾಲದಲ್ಲೇ, 1899ರ ಕ್ರಿಸ್‌ಮಸ್‌ನಂದು ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಬೃಹತ್ ಸಭಾಂಗಣದಲ್ಲಿ ಸಾವಿರಾರು ಬಡವರಿಗೆ ಔತಣ ನಡೆಯಿತು. ಆದರೆ ಕೆಳಗೆ ಬಡವರು ಉಣ್ಣುತ್ತಿದ್ದರೆ, ಮೇಲಿನ ಆಸನಗಳಲ್ಲಿ ಕುಳಿತ ಸ್ಥಿತಿವಂತರು ಅದನ್ನು ನೋಡುತ್ತಿದ್ದರು! ನೋಡಿದವರ ಮನಸ್ಸಿನಲ್ಲಿ ಕನಿಕರ ಹುಟ್ಟಿರಬಹುದು. ಆದರೆ ಹಸಿದವನ ತುತ್ತು ಪ್ರದರ್ಶನದ ವಸ್ತುವಾಯಿತಲ್ಲವೇ? ಅದೇ ಸಂದರ್ಭದಲ್ಲಿ ಕುಟುಂಬಗಳಿಗೆ ಬುಟ್ಟಿಗಳಲ್ಲಿ ಆಹಾರವನ್ನೂ ಹಂಚಲಾಯಿತು. ಬುಟ್ಟಿ ಪಡೆದ ತಾಯಿ ತನ್ನ ಮನೆಯಲ್ಲಿ, ತನ್ನ ಮಕ್ಕಳಿಗೆ ತಾನೇ ಬಡಿಸಿದಳು. ಎರಡೂ ದಾನವೇ, ಆದರೆ ಎರಡೂ ಒಂದೇ ಅಲ್ಲ. ಮುಂದೆ ಅನೇಕ ಕಡೆ ಸಾಮೂಹಿಕ ಔತಣದ ಬದಲು, ಕುಟುಂಬಗಳು ತಾವೇ ದಿನಸಿ ಕೊಂಡು ಅಡುಗೆ ಮಾಡಿಕೊಳ್ಳುವಂತೆ ಚೀಟಿ ಕೊಡುವ ಪದ್ಧತಿ ಬಂತು.

ಹಾಗಾದರೆ ಒಟ್ಟಿಗೆ ಉಣ್ಣುವುದು ತಪ್ಪೇ? ಖಂಡಿತ ಅಲ್ಲ. ಆದಿ ಕ್ರೈಸ್ತ ಸಭೆಗಳಲ್ಲಿ ಅಗಾಪೆ ಎಂಬ ಪ್ರೀತಿಭೋಜನವಿತ್ತು. ಬಡವರನ್ನು ಕಾಯದೆ ಉಳ್ಳವರು ಮೊದಲೇ ಉಂಡುಬಿಡುವುದನ್ನು ಸಂತ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಖಂಡಿಸಿದ್ದಾನೆ. ಕೊಡುವವನೂ ಪಡೆಯುವವನೂ ಒಂದೇ ಪಂಕ್ತಿಯಲ್ಲಿ ಕುಳಿತರೆ ಅದು ಅನ್ಯೋನ್ಯತೆ. ಒಬ್ಬನು ಉಂಡು ಇನ್ನೊಬ್ಬನು ನೋಡುತ್ತ ನಿಂತರೆ ಅದು ಬೇರೆಯೇ.

ನಿಮ್ಮ ಸಂಘವೂ ಯಾವುದಾದರೂ ಹಬ್ಬದಲ್ಲಿ ವೃದ್ಧಾಶ್ರಮಕ್ಕೋ ಅನಾಥಾಲಯಕ್ಕೋ ಊಟ ಕೊಂಡೊಯ್ಯಬಹುದು. ಆಗ ಭಾವಚಿತ್ರ ತೆಗೆಯಲು ಸಾಲಾಗಿ ನಿಲ್ಲುವ ಮೊದಲು, ಅಲ್ಲಿಯವರ ಪಕ್ಕದಲ್ಲಿ ನಿಮಗೂ ಒಂದು ಎಲೆ ಹಾಕಿಸಿಕೊಳ್ಳಿ.